ಮಕ್ಕಳಿಲ್ಲದ ಶಾಲಾ ಜಿಲ್ಲೆಯೊಡನೆ ಒಂದು ಸಂದರ್ಶನ

ಅಮೆರಿಕದ ‘ಸ್ಕೂಲ್ ಡಿಸ್ಟ್ರಿಕ್ಟ್’ ಎಂಬುದು ಕಂದಾಯ ಜಿಲ್ಲೆಯಲ್ಲ, ಕರ್ನಾಟಕದ ಉಪನಿರ್ದೇಶಕರ ಕಚೇರಿಯಂತೆ ಇಲಾಖೆಯ ಕೈಕೆಳಗಿನ ಅಂಗವೂ ಅಲ್ಲ. ಶಾಲೆ ನಡೆಸುವುದಕ್ಕೆಂದೇ ಕಾನೂನು ಹುಟ್ಟಿಸಿದ, ಸಾಮಾನ್ಯವಾಗಿ ಚುನಾಯಿತ ಮಂಡಳಿಯುಳ್ಳ, ಆಸ್ತಿ ತೆರಿಗೆ ಎತ್ತುವ ಮತ್ತು ಬಾಂಡ್ ಮಾರಿ ಸಾಲ ತರುವ ಸಂಸ್ಥೆ ಅದು. ಇಂಥ ಸುಮಾರು 13,000 ಸಂಸ್ಥೆಗಳ ನಡುವೆ ಮಿಷಿಗನ್ ರಾಜ್ಯದ ‘ಡೆಟ್ರಾಯಿಟ್ ಪಬ್ಲಿಕ್ ಸ್ಕೂಲ್ಸ್’ ವಿಲಕ್ಷಣವಾದುದು. 2016ರ ಜುಲೈ 1ರಂದು ಅದರ ಶಾಲೆಗಳು, ಶಿಕ್ಷಕರು, ಮಕ್ಕಳು ಎಲ್ಲ ಹೊಸದಾಗಿ ರಚಿತವಾದ ‘ಕಮ್ಯುನಿಟಿ ಡಿಸ್ಟ್ರಿಕ್ಟ್’ಗೆ ಸೇರಿದರು, ಹಳೆಯದಕ್ಕೆ ಉಳಿದದ್ದು ಸಾಲ ಮತ್ತು ಸಾಲ ತೀರುವತನಕ ತೆರಿಗೆ ಎತ್ತುವ ಹಕ್ಕು. ಪಾಲುಪಟ್ಟಿ ಬರೆಯುವಾಗ ಮನೆ, ಹೊಲ, ದನಕರು ಮಗನಿಗೆ ಹೋಗಿ ಸಾಲಪತ್ರಗಳ ಕಟ್ಟು ಮಾತ್ರ ಅಪ್ಪನ ಪಾಲಿಗೆ ಬಂದರೆ ಹೇಗೋ ಹಾಗೆ. ಸತ್ತವರ ಹೆಸರಿನಲ್ಲೇ ವರ್ಷಗಟ್ಟಲೆ ನಡೆಯುವ ಪಹಣಿಯನ್ನು ಕಂಡ ಕನ್ನಡ ಓದುಗರಿಗೆ ಈ ಏರ್ಪಾಟು ತೀರ ಅಪರಿಚಿತವೆನಿಸಲಾರದು. ಮುಂದಿನ ಮಾತುಕತೆ ಕಾಲ್ಪನಿಕ, ಅಂಕಿ ಅಂಶಗಳು ಮಾತ್ರ ನಿಜ. ಕಚೇರಿ ಪತ್ರವ್ಯವಹಾರದ ರೂಢಿಯಂತೆ ಹಳೆಯ ಜಿಲ್ಲೆಯು ತನ್ನನ್ನು ‘ಈ ಜಿಲ್ಲೆ’ ಎಂದೇ ಕರೆದುಕೊಳ್ಳುತ್ತದೆ.

ಪ್ರಶ್ನೆ: ಸದ್ಯ ಹಾಜರಾತಿ ಎಷ್ಟು?

ಉತ್ತರ: ಸೊನ್ನೆ. ದಾಖಲಾತಿಯೂ ಸೊನ್ನೆಯಾದ್ದರಿಂದ ಗೈರುಹಾಜರಿಯ ಸಮಸ್ಯೆಯಿಲ್ಲ, ನಪಾಸಾಗುವವರಿಲ್ಲ, ಸಂಬಳಕ್ಕಾಗಿ ಬಾಗಿಲು ತಟ್ಟುವ ಶಿಕ್ಷಕರೂ ಇಲ್ಲ. ಶಾಲಾ ಜಿಲ್ಲೆಯೊಂದರ ಲೆಕ್ಕಪತ್ರ ಚೊಕ್ಕವಾಗಬೇಕಾದರೆ ಮೊದಲು ಮಕ್ಕಳನ್ನು ಹೊರಗಿಡಬೇಕೆಂಬುದನ್ನು ಈ ಜಿಲ್ಲೆ ಸಾಧಿಸಿ ತೋರಿಸಿದೆ.

ಪ್ರಶ್ನೆ: ಇಷ್ಟೊಂದು ಸಾಲ ಬೆಳೆದ ಬಗೆ?

ಉತ್ತರ: ಶುಶ್ರೂಷೆಯಿಂದ. 1994ರಲ್ಲಿ ನಗರದ ಮತದಾರರು ಕಟ್ಟಡಗಳಿಗೆಂದು 150 ಕೋಟಿ ಡಾಲರ್ ಬಾಂಡ್‌ಗೆ ಒಪ್ಪಿಗೆ ಕೊಟ್ಟಿದ್ದರು. 1999ರ ಹೊತ್ತಿಗೆ ಖಾತೆಯಲ್ಲಿ ಸುಮಾರು 9.3 ಕೋಟಿ ಡಾಲರ್ ಉಳಿತಾಯವೂ, ಶಾಲೆಗಳಲ್ಲಿ ಒಂದೂವರೆ ಲಕ್ಷಕ್ಕೂ ಮಿಕ್ಕಿದ ಮಕ್ಕಳೂ ಇದ್ದರು. ಆಡಳಿತ ಸರಿಯಿಲ್ಲವೆಂದು ಗವರ್ನರ್ ಜಾನ್ ಎಂಗ್ಲರ್ ಅವರ ಕಾಲದಲ್ಲಿ ರಾಜ್ಯವು ಚುನಾಯಿತ ಮಂಡಳಿಯ ಅಧಿಕಾರ ಕಸಿದು, ನೇಮಕಗೊಂಡ ಮಂಡಳಿಯನ್ನು ಕೂರಿಸಿತು. 2006ರಲ್ಲಿ ಚುನಾಯಿತರು ಮರಳಿ ಬಂದು ಪೆಟ್ಟಿಗೆ ತೆರೆದಾಗ ಉಳಿತಾಯದ ಜಾಗದಲ್ಲಿ ಕೊರತೆ ಕುಳಿತಿತ್ತು. ಆ ಕೊರತೆಯನ್ನು ಇಳಿಸಲೆಂದು 2009ರಿಂದ ‘ತುರ್ತು ವ್ಯವಸ್ಥಾಪಕರು’, ಅಂದರೆ ಮಂಡಳಿಯ ಅಧಿಕಾರವನ್ನು ಬದಿಗಿಟ್ಟು ಒಬ್ಬರೇ ತೀರ್ಮಾನಿಸಬಲ್ಲ ರಾಜ್ಯದ ಅಧಿಕಾರಿಗಳು, ಒಬ್ಬರಾದ ಮೇಲೊಬ್ಬರು ಬಂದರು. ಕೊರತೆ ಇಳಿಯಲಿಲ್ಲ.

ಚುನಾಯಿತರ ಕಾಲದಲ್ಲಿ ಎಲ್ಲವೂ ಸಾಚಾ ಆಗಿತ್ತೆಂದು ಇದರಿಂದ ಊಹಿಸಬೇಕಿಲ್ಲ. ಆದರೆ ಬಾರದ ಕಾಗದ, ಕುರ್ಚಿಗಳ ಬಿಲ್ಲಿಗೆ ರುಜು ಹಾಕಿ ಸರಬರಾಜುದಾರನಿಂದ ಲಂಚ ಪಡೆದರೆಂದು ಹನ್ನೆರಡು ಮಂದಿ ಹಾಲಿ ಮತ್ತು ಮಾಜಿ ಮುಖ್ಯೋಪಾಧ್ಯಾಯರ ಮೇಲೆ ಫೆಡರಲ್ ಸರ್ಕಾರ ಮೊಕದ್ದಮೆ ಹೂಡಿದ್ದು 2016ರ ಮಾರ್ಚಿನಲ್ಲಿ, ರಾಜ್ಯದ ಕಾವಲು ಬಿಗಿಯಾಗಿದ್ದಾಗಲೇ.

ಪ್ರಶ್ನೆ: ಮಕ್ಕಳು ಕಡಿಮೆಯಾದರೆ ಖರ್ಚೂ ಕಡಿಮೆಯಾಗಬೇಕಲ್ಲವೆ?

ಉತ್ತರ: ಹಾಗೆ ಕೇಳುವವರು ಬಾಯ್ಲರ್ ದುರಸ್ತಿ ಮಾಡಿಸಿದವರಲ್ಲ. 1994ರ ‘ಪ್ರಪೋಸಲ್ ಎ’ ಎಂಬ ಜನಮತದ ತೀರ್ಮಾನದಿಂದ ರಾಜ್ಯದ ಮಾರಾಟ ತೆರಿಗೆ ಶೇಕಡಾ 4ರಿಂದ 6ಕ್ಕೆ ಏರಿ, ಶಾಲೆಗೆ ಹಣವು ತಲೆಯೆಣಿಕೆಯ ಲೆಕ್ಕದಲ್ಲಿ ಬರತೊಡಗಿತು. ತರಗತಿಯ ಮೂವತ್ತು ಮಕ್ಕಳಲ್ಲಿ ಐವರು ಚಾರ್ಟರ್ ಶಾಲೆಗೆ, ಎಂದರೆ ಸರ್ಕಾರಿ ಹಣದಿಂದ ಪ್ರತ್ಯೇಕ ಆಡಳಿತದಡಿ ನಡೆಯುವ ಶಾಲೆಗೆ ಹೋದರೆ ಐವರ ಹಣವೂ ಅವರ ಹಿಂದೆಯೇ ಹೋಗುತ್ತದೆ. ಮಾಡು, ಶಿಕ್ಷಕಿ, ಚಳಿಗಾಲದ ಗ್ಯಾಸ್ ಬಿಲ್ಲು ಇಡಿಯಾಗಿ ಹಿಂದುಳಿಯುತ್ತವೆ. 2016ರ ವೇಳೆಗೆ ಉಳಿದ ಮಕ್ಕಳು ಐವತ್ತು ಸಾವಿರದ ಒಳಗೆ.

ಪ್ರಶ್ನೆ: ನಗರದ ಹೊರಗಿನ ಶ್ರೀಮಂತ ಜಿಲ್ಲೆಗಳು ಈ ಭಾರಕ್ಕೆ ಹೆಗಲು ಕೊಡಲಿಲ್ಲವೆ?

ಉತ್ತರ: ಕೊಡಬೇಕಾಗಿಲ್ಲವೆಂದು ಸುಪ್ರೀಂ ಕೋರ್ಟೇ ಹೇಳಿದಂತಾಗಿದೆ. 1974ರ ಮಿಲಿಕೆನ್ ಮತ್ತು ಬ್ರ್ಯಾಡ್ಲಿ ಮೊಕದ್ದಮೆಯಲ್ಲಿ, ಕಪ್ಪು ಮತ್ತು ಬಿಳಿಯ ಮಕ್ಕಳನ್ನು ಒಟ್ಟಿಗೆ ಓದಿಸಲು ಉಪನಗರಗಳ ಜಿಲ್ಲೆಗಳನ್ನೂ ಸೇರಿಸಿಕೊಳ್ಳಬೇಕೆಂಬ ಕೆಳಗಿನ ಕೋರ್ಟಿನ ಯೋಜನೆಯನ್ನು ಐದು–ನಾಲ್ಕರ ಬಹುಮತದಿಂದ ತಳ್ಳಿಹಾಕಲಾಯಿತು. ಅಂದಿನಿಂದ ನಗರದ ಉತ್ತರದ ಅಂಚಿನ ಎಯ್ಟ್ ಮೈಲ್ ರಸ್ತೆ ಬರಿಯ ರಸ್ತೆಯಾಗಿ ಉಳಿದಿಲ್ಲ.

ಇಲ್ಲೊಂದು ಮಾತನ್ನು ಸೇರಿಸಬೇಕು. ಕಾರು ಉದ್ಯಮಕ್ಕೆ ಎಂಜಿನಿಯರುಗಳಾಗಿ ಬಂದು, ‘ಪಂಪ ಕನ್ನಡ ಕೂಟ’ವನ್ನು ಕಟ್ಟಿ ಬೆಳೆಸಿದ ಕನ್ನಡಿಗರೂ ಹೆಚ್ಚಾಗಿ ನೆಲೆಸಿರುವುದು ಟ್ರಾಯ್, ನೋವೈಗಳಂಥ ಉಪನಗರಗಳಲ್ಲಿ, ಮತ್ತು ಅಲ್ಲಿ ಮನೆ ನೋಡುವವರು ಅಡುಗೆಮನೆಗಿಂತ ಮೊದಲು ವಿಚಾರಿಸುವುದು ಯಾವ ಸ್ಕೂಲ್ ಡಿಸ್ಟ್ರಿಕ್ಟ್ ಎಂಬುದನ್ನು. ಇದನ್ನು ಕೇಳಿಸಿಕೊಂಡ ಹಳೆಯ ಜಿಲ್ಲೆಯು, ಆ ಪ್ರಶ್ನೆಗೆ ಉತ್ತರವಾಗಿ ತನ್ನ ಹೆಸರು ಬಂದದ್ದು ನೆನಪಿಲ್ಲವೆಂದಿತು.

ಪ್ರಶ್ನೆ: ಸಾಧನೆಗಳು?

ಉತ್ತರ: ಗಾಯಕಿ ಡಯಾನಾ ರಾಸ್ ಓದಿದ ಕ್ಯಾಸ್ ಟೆಕ್ನಿಕಲ್ ಹೈಸ್ಕೂಲು ಒಂದು ಕಾಲದಲ್ಲಿ ಈ ಜಿಲ್ಲೆಯದೇ. ಈಚಿನವು ಬೇರೆ ಬಗೆಯವು. 2009ರ ರಾಷ್ಟ್ರೀಯ ಗಣಿತ ಪರೀಕ್ಷೆಯಲ್ಲಿ ಇಲ್ಲಿನ ಮಕ್ಕಳಿಗೆ ಬಂದದ್ದು ಆ ಪರೀಕ್ಷೆಯ ಚರಿತ್ರೆಯಲ್ಲಿ ಅದುವರೆಗಿನ ಅತಿ ಕಡಿಮೆ ಅಂಕ. ಜೀವಶಾಸ್ತ್ರದ ವಿಷಯದಲ್ಲಿ ಮಾತ್ರ ಕೊರತೆಯಿರಲಿಲ್ಲ: ಗೋಡೆಯಲ್ಲಿ ಅಣಬೆ, ಮೂಲೆಯಲ್ಲಿ ಸತ್ತ ಇಲಿ, ಮಾಡು ಸೋರಿ ಅಲೆಯಲೆಯಾಗಿ ಉಬ್ಬಿದ ವ್ಯಾಯಾಮಶಾಲೆಯ ಹಲಗೆ ನೆಲ. ಸರ್ಕಾರಿ ನೌಕರರು ಮುಷ್ಕರ ಹೂಡುವುದು ಈ ರಾಜ್ಯದಲ್ಲಿ ನಿಷಿದ್ಧವಾದ್ದರಿಂದ, 2016ರ ಜನವರಿಯಲ್ಲಿ ಶಿಕ್ಷಕರು ಈ ಚಿತ್ರಗಳನ್ನು ಊರಿಗೆಲ್ಲ ತೋರಿಸಿ, ಸಾಮೂಹಿಕವಾಗಿ ಕಾಯಿಲೆ ರಜೆ ಹಾಕಿದರು. ಜೂನ್ 30ರ ನಂತರ ಸಂಬಳಕ್ಕೆ ಹಣವಿಲ್ಲವೆಂದು ತಿಳಿದ ಮೇಲೆ, ಮೇ ತಿಂಗಳಲ್ಲಿ ಒಂದೇ ದಿನ 94 ಶಾಲೆಗಳ ಶಿಕ್ಷಕರಿಗೆ ಜ್ವರ ಬಂತು.

ಆ ಜ್ವರಕ್ಕೆ ಶಾಸನಸಭೆ ಬರೆದ ಔಷಧವೇ 61.7 ಕೋಟಿ ಡಾಲರಿನ ಯೋಜನೆ: 46.7 ಕೋಟಿ ಹಳೆಯ ಸಾಲಕ್ಕೆ, 15 ಕೋಟಿ ಹೊಸ ಜಿಲ್ಲೆಯ ಆರಂಭಕ್ಕೆ. ‘ಮಿಲ್’ ಎಂದರೆ ಆಸ್ತಿಯ ತೆರಿಗೆ ಮೌಲ್ಯದ ಸಾವಿರಕ್ಕೊಂದು ಪಾಲು. ಸ್ವಂತ ವಾಸದ ಮನೆಗಳನ್ನು ಬಿಟ್ಟು ಉಳಿದ ಆಸ್ತಿಗಳ ಮೇಲಿನ 18 ಮಿಲ್ ತೆರಿಗೆ ಸಾಲಕ್ಕೆ ಹೋಗುವುದೆಂದೂ, ಅದರಿಂದ ತರಗತಿಗಳಿಗೆ ತಪ್ಪುವ ಹಣವನ್ನು ರಾಜ್ಯ ತುಂಬಿಕೊಡುವುದೆಂದೂ ಏರ್ಪಾಟಾಯಿತು. ತಂಬಾಕು ಕಂಪನಿಗಳು ಮೊಕದ್ದಮೆಯ ರಾಜಿಯಲ್ಲಿ ರಾಜ್ಯಕ್ಕೆ ತೆರುವ ಹಣವನ್ನೂ ಇದಕ್ಕೆ ಜೋಡಿಸಲಾಯಿತು. ಹೀಗೆ ಶಾಲೆಯ ಹಿಂದೆ ಕದ್ದು ಸಿಗರೇಟು ಸೇದಬಾರದೆಂಬ ಪಾಠದ ಖರ್ಚಿಗೆ ಸಿಗರೇಟೇ ಆಧಾರವಾಯಿತು.

ಪ್ರಶ್ನೆ: ಸಾಲದ ಹೊರೆ ಇಳಿದ ಮಗ ಸುಖವಾಗಿರಬೇಕು?

ಉತ್ತರ: ಮಗನಿಗೆ ಮನೆ ಸಿಕ್ಕಿತು, ಸೋರುವ ಮಾಡಿನ ಸಮೇತ. ಮಾಡು ಕಟ್ಟಿಸಲು ತೆರಿಗೆ ಹಾಕಿ ಸಾಲ ತರುವ ದಾರಿ ಮಾತ್ರ ಅವನಿಗೆ ತೆರೆಯಲಿಲ್ಲ. 2018ರಲ್ಲಿ ಸೀಸ, ತಾಮ್ರ ಕಂಡುಬಂದದ್ದರಿಂದ ಎಲ್ಲ ಶಾಲೆಗಳ ಕುಡಿಯುವ ನೀರಿನ ನಲ್ಲಿಗಳನ್ನು ಮುಚ್ಚಬೇಕಾಯಿತು. ಕೊನೆಗೆ ಕೋವಿಡ್ ಪರಿಹಾರವಾಗಿ ಫೆಡರಲ್ ಹಣ ಬಂದ ಮೇಲೆಯೇ 2022ರಲ್ಲಿ ಕಟ್ಟಡಗಳಿಗೆ 70 ಕೋಟಿ ಡಾಲರಿನ ಯೋಜನೆ ಸಾಧ್ಯವಾದದ್ದು. ಮಹಾಮಾರಿ ಬಾರದೆ ಮಾಡು ರಿಪೇರಿಯಾಗದ ವ್ಯವಸ್ಥೆಗೆ ಹಣಕಾಸು ನೀತಿಯೆಂಬ ಹೆಸರು ದೊಡ್ಡದಾಯಿತು.

ಪ್ರಶ್ನೆ: ಮಕ್ಕಳೇ ಕೋರ್ಟಿಗೆ ಹೋದರಂತೆ?

ಉತ್ತರ: 2016ರಲ್ಲಿ ಹೋದರು. ಗಣಿತದ ಶಿಕ್ಷಕರಿಲ್ಲದೆ ಎಂಟನೆಯ ತರಗತಿಯ ವಿದ್ಯಾರ್ಥಿಯೊಬ್ಬನೇ ಏಳು ಮತ್ತು ಎಂಟನೆಯ ತರಗತಿಗಳಿಗೆ ಒಂದು ತಿಂಗಳು ಪಾಠ ಹೇಳಿದನೆಂಬುದು ದಾವೆಯಲ್ಲಿದೆ. ಓದು ಬರಹ ಕಲಿಯುವುದು ಸಂವಿಧಾನದ ಮೂಲಭೂತ ಹಕ್ಕಲ್ಲವೆಂದು ರಾಜ್ಯದ ಪರವಾಗಿ ವಾದಿಸಲಾಯಿತು. 2020ರಲ್ಲಿ ಮೇಲ್ಮನವಿ ನ್ಯಾಯಪೀಠವು ಹಕ್ಕೆಂದೇ ಹೇಳಿ, ರಾಜಿಯೂ ಆಗಿ, ಕೆಲವೇ ದಿನಗಳಲ್ಲಿ ಪೂರ್ಣಪೀಠವು ಆ ತೀರ್ಪನ್ನು ರದ್ದುಗೊಳಿಸಿತು. ರಾಜಿಯಂತೆ ಬರಬೇಕಾದ 9.44 ಕೋಟಿ ಡಾಲರಿಗೆ ಶಾಸನಸಭೆ ಒಪ್ಪಿಗೆಯಿತ್ತದ್ದು 2023ರಲ್ಲಿ.

ಪ್ರಶ್ನೆ: ಇಂದಿನ ಮಕ್ಕಳಿಗೆ ಹಳೆಯ ಜಿಲ್ಲೆಯ ಪರಿಚಯವಿದೆಯೆ?

ಉತ್ತರ: ಇಲ್ಲ. ಆದರೆ ಹಳೆಯ ಬಾಂಡ್‌ಗಳ ಸಾಲಕ್ಕೆಂದು ಎತ್ತುವ ತೆರಿಗೆಯಿಂದ ವಾಸದ ಮನೆಗಳಿಗೂ ವಿನಾಯಿತಿಯಿಲ್ಲ. ಅವರು ದೊಡ್ಡವರಾಗಿ ಇದೇ ಊರಿನಲ್ಲಿ ಒಂದು ಮನೆ ಕೊಂಡರೆ, ಸಾಲ ಅಷ್ಟರೊಳಗೆ ತೀರದಿದ್ದರೆ, ತೆರಿಗೆ ಚೀಟಿಯಲ್ಲಿ ಪರಿಚಯವಾಗುತ್ತದೆ.