ಎಷ್ಟು ಮಂದಿ ಕೂಡ್ತಾರ?

ಡೆಟ್ರಾಯ್ಟಿನ ಗಂಡಸರಿಗೆ ರಿಟೈರ್ ಆದ ಮೇಲೆ ಒಂದು ಚಟ ಅಂಟಿಕೊಳ್ಳುತ್ತದೆ. ಕಾಫಿ ಕುಡಿಯುತ್ತ ಕೂತು, ಪ್ರಾಯ ಬಂದಾಗಿನಿಂದ ತಾವು ಇಟ್ಟುಕೊಂಡ ಕಾರುಗಳನ್ನೆಲ್ಲ ಒಂದೊಂದಾಗಿ ಬಿಚ್ಚಿಡುತ್ತಾರೆ. ಇಸವಿ, ಬಣ್ಣ, ಅಶ್ವಶಕ್ತಿ, ಪಕ್ಕದ ಸೀಟಿನಲ್ಲಿ ಕೂತಿದ್ದ ಹುಡುಗಿ, ಎಲ್ಲ ಬಾಯಿಪಾಠ. ಹೆನ್ರಿ ಫೋರ್ಡ್ 1908ರಲ್ಲಿ ಮಾಡೆಲ್ ಟಿ ಕಾರನ್ನು ರಸ್ತೆಗೆ ಬಿಟ್ಟ ಊರು. ಅಲ್ಲಿಯವರಿಗೆ ಕಾರೇ ಕುಲಗೋತ್ರ. ನನ್ನ ಪಾಳಿ ಬಂದಾಗ ಮಾತ್ರ ಮಾತು ತಡವರಿಸುತ್ತದೆ. ಕಾರು ಎಷ್ಟು ಕುದುರೆಗಳದ್ದು ಎಂದು ನಮ್ಮ ಮನೆಯಲ್ಲಿ ಯಾರೂ ಕೇಳಿದವರಲ್ಲ. ಗಾಡಿ ಬಾಗಿಲ ಮುಂದೆ ನಿಂತರೆ ಅವ್ವನ ಬಾಯಿಂದ ಬರುತ್ತಿದ್ದ ಪ್ರಶ್ನೆ ಒಂದೇ: "ಎಷ್ಟು ಮಂದಿ ಕೂಡ್ತಾರ?"

ಆ ಪ್ರಶ್ನೆಗೆ ಎದೆಗೊಟ್ಟು ನಿಂತ ಕಾರೂ ಒಂದೇ, ಅಂಬಾಸಡರ್. ಗುಲ್ಬರ್ಗಾದಲ್ಲಿ ತೊಗರಿ ವ್ಯಾಪಾರ ಮಾಡುತ್ತಿದ್ದ ಅಪ್ಪ ಅದನ್ನು ಸೆಕೆಂಡ್ ಹ್ಯಾಂಡ್ ತಂದಿದ್ದ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ನಕಾಶೆ ಇಟ್ಟುಕೊಂಡು ಬಂಗಾಳದ ಉತ್ತರಪಾರಾದಲ್ಲಿ ಕಟ್ಟಿದ ಗಾಡಿ. ನಕಾಶೆ ಬರೆದ ಇಂಗ್ಲಿಷಿನವನಿಗೆ ನಮ್ಮ ಬೀಗರ ಬಗ್ಗೆ ಮೊದಲೇ ಯಾರೋ ಹೇಳಿದ್ದಿರಬೇಕು. ಮುಂದಿನ ಸೀಟು ಉದ್ದನೆಯ ಬೆಂಚು, ಗೇರಿನ ಕಡ್ಡಿ ಸ್ಟೇರಿಂಗಿನ ಕೊರಳಿಗೆ. ಹೀಗಾಗಿ ಡ್ರೈವರ್ ಚಾಚಾನ ಪಕ್ಕ ಅಪ್ಪ, ಕಿಟಕಿಗೆ ಮುತ್ಯಾ, ಇಬ್ಬರ ನಡುವಿನ ಸಂದಿಯಲ್ಲಿ ನಾನು. ಹಿಂದೆ ಅವ್ವ, ಇಬ್ಬರು ಚಿಗವ್ವಂದಿರು, ಸೋದರತ್ತಿ. ಅವರ ತೊಡೆಗಳ ಮೇಲೆ ಯಾರ್ಯಾರದೋ ಕೂಸುಗಳು. ಡಿಕ್ಕಿಯಲ್ಲಿ ಜೋಳದ ಚೀಲ.

ಹೋಗುವುದಾದರೂ ಎಲ್ಲಿಗೆ? ಅವ್ವನ ತವರು ಕಮಲಾಪುರಕ್ಕೆ. ಹುಮನಾಬಾದ್ ರಸ್ತೆಯಲ್ಲಿ ಸುಮಾರು 35 ಕಿಲೋಮೀಟರು. ಮಹಾಗಾಂವ್ ಕ್ರಾಸ್, ಕುರಿಕೋಟಾದ ಹೊಳೆ ಎರಡೂ ದಾಟಿದರೆ ಊರು ಬಂದಂತೆಯೇ. ಆದರೆ ನಮ್ಮ ತಯಾರಿ ಕಾಶಿಯಾತ್ರೆಯದು. ಎರಡು ಲಿಂಬಿಹಣ್ಣು ಕಡ್ಡಾಯ: ಒಂದು ಗಾಲಿಯ ಕೆಳಗೆ, ಇನ್ನೊಂದು ಸಣ್ಣ ಚಿಗವ್ವನ ಮೂಗಿನ ಕೆಳಗೆ. ಅವಳಿಗೆ ಪೆಟ್ರೋಲ್ ವಾಸನೆ ಆಗದು. ಚಾಚಾ ಕೀಲಿ ತಿರುಗಿಸುವ ಮೊದಲೇ ಕಣ್ಣು ಮುಚ್ಚಿ ಶರಣಬಸವಪ್ಪನನ್ನು ಕರೆಯುತ್ತಿದ್ದಳು. ಬ್ಯಾಸಗಿಯಲ್ಲಿ ರೆಕ್ಸಿನ್ ಸೀಟು ಕಾದು, ಚಡ್ಡಿ ಹಾಕಿದ ಹುಡುಗರೆಲ್ಲ ಒಂದು ತೊಡೆಯಿಂದ ಇನ್ನೊಂದು ತೊಡೆಗೆ ಭಾರ ಬದಲಿಸುತ್ತ ಕೂಡಬೇಕು. ಮಹಾಗಾಂವ್ ಬರುವಷ್ಟರಲ್ಲಿ ಬಾನೆಟ್ಟಿನ ಸಂದಿಯಿಂದ ಉಗಿ. ಗಾಡಿಯ ತಪ್ಪಲ್ಲ, ಗುಲ್ಬರ್ಗಾದ ಮೇ ತಿಂಗಳು, ಮೇಲೆ ನಮ್ಮ ಇಡೀ ವಂಶಾವಳಿ. ಚಾಚಾ ಹಸಿ ಗೋಣಿತಟ್ಟು ಹೊದಿಸಿ, ಮುಖ ಆ ಕಡೆ ತಿರುಗಿಸಿ, ರೇಡಿಯೇಟರಿನ ಮುಚ್ಚಳಕ್ಕೆ ಅರ್ಧ ಸುತ್ತು ಕೊಟ್ಟು ಹಿಂದಕ್ಕೆ ಜಿಗಿಯುತ್ತಿದ್ದ. ಕುದಿನೀರು ಆಳೆತ್ತರ ಚಿಮ್ಮುತ್ತಿತ್ತು, ನಾವು ಹುಡುಗರು ಚಪ್ಪಾಳೆ ತಟ್ಟುತ್ತಿದ್ದೆವು. ಅಷ್ಟರಲ್ಲಿ ಅಲ್ಲೇ ಬಸ್ಸಿಗೆ ಕಾಯುತ್ತಿದ್ದ ಪರಿಚಯದವರನ್ನು ಅವ್ವ "ಬರ್ರಿ, ಜಾಗ ಅದ" ಎಂದು ಕರೆದುಬಿಟ್ಟಿರುತ್ತಿದ್ದಳು. ಚಾಚಾ ಕೈ ಮುಗಿಯುತ್ತಿದ್ದ: "ಔರ್ ನಕ್ಕೋ ಬಾಯಿಸಾಬ್, ಇನ್ನೊಬ್ರು ಹತ್ತಿದ್ರ ಗಾಡಿ ಅಲ್ಲ, ನಾ ಕುದೀತೀನಿ!"

ವಾಪಸು ಬರುವಾಗ ಮಾಮಾ ಕೆಂಪು ಬಾಳೆಯ ಗೊನೆ ಹೊರಿಸಿ ಕಳಿಸುತ್ತಿದ್ದ. ಕಮಲಾಪುರದ ಕೆಂಪು ಬಾಳೆಗೆ ಈಗ ಭೌಗೋಳಿಕ ಗುರುತಿನ ಮುದ್ರೆಯೂ ಬಿದ್ದಿದೆ. ನಮ್ಮ ಕಾರಿನಲ್ಲಿ ಅದಕ್ಕೆ ಆಗಲೇ ಖಾಯಂ ಸೀಟಿತ್ತು. ಮಂದಿ ಇಳಿದು ಬಸ್ಸಿಗೆ ಬರಬಹುದು, ಗೊನೆ ಇಳಿಯುವಂತಿಲ್ಲ.

1983ರ ಡಿಸೆಂಬರಿನಲ್ಲಿ ಇಂದಿರಾ ಗಾಂಧಿಯವರು ಮೊದಲ ಮಾರುತಿ 800ರ ಕೀಲಿ ಕೊಟ್ಟರು. ಮುಂದೆ ಕಾಕಾನೂ ಒಂದನ್ನು ಮನೆಗೆ ತಂದ. ಮುತ್ಯಾ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಬೆನ್ನು ಸವರಿ ಅಂದ: "ಛಲೋ ಅದ. ಇದರ ತಾಯಿ ಎಲ್ಲಿ?"

ಮುಂದೆ ನಾನು ಅಮೆರಿಕಕ್ಕೆ ಹೋದೆ. ಅಲ್ಲಿ ನನ್ನ ಮೊದಲ ಕಾರಿನ ಹೆಸರು ಹೇಳಲಾರೆ, ಅದರ ವಂಶಸ್ಥರು ಇನ್ನೂ ಓಡಾಡುತ್ತಿದ್ದಾರೆ. ಮಿಶಿಗನ್ನಿನಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ, ಉಪ್ಪು ಕಾರಿನ ತಗಡನ್ನು ತಿನ್ನುತ್ತದೆ. ನನಗೆ ಸಿಗುವಷ್ಟರಲ್ಲಿ ಅದರ ನೆಲ ಪೂರ್ತಿ ಉಂಡಾಗಿತ್ತು. ಕಾಲ ಕೆಳಗೇ ಹೈವೇ ಕಾಣುತ್ತಿತ್ತು. ಆ ರಾಜ್ಯದಲ್ಲಿ ವರ್ಷಕ್ಕೊಮ್ಮೆ ಗಾಡಿ ತಪಾಸಣೆ ಮಾಡಿಸುವ ಕಾನೂನಿಲ್ಲ, ಹಾಗಾಗಿ ಬದುಕಿದೆವು, ಅದೂ ನಾನೂ.

ಎರಡನೆಯದು ಟೊಯೊಟಾ ಕೊರೊಲ್ಲಾ. ಪಕ್ಕದ ಮನೆಯವ ಕಾರು ಕಾರ್ಖಾನೆಯ ಯೂನಿಯನ್ ಮನುಷ್ಯ. ಅವರ ಯೂನಿಯನ್ ಆಫೀಸಿನ ಅಂಗಳದಲ್ಲಿ ವಿದೇಶಿ ಕಾರು ನಿಲ್ಲಿಸಬೇಡಿ ಎಂಬ ಬೋರ್ಡು. ಗುಲ್ಬರ್ಗಾದ ನನ್ನನ್ನು ಅಣ್ಣತಮ್ಮನಂತೆ ಒಪ್ಪಿಕೊಂಡಿದ್ದವನು ಕೊರೊಲ್ಲಾ ಕಂಡ ದಿನ ಮಾತು ಬಿಟ್ಟ. ಅದು ತಯಾರಾದದ್ದು ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿ. ಆ ಬೇಲಿಯ ಈಚೆಗೆ ವಿದೇಶದಲ್ಲಿ ಹುಟ್ಟಿದವನು ನಾನೊಬ್ಬನೇ, ಆದರೆ ಸಿಟ್ಟೆಲ್ಲ ಕಾರಿನ ಮೇಲೆ! ಕಡೆಗೆ ನನ್ನ ಹೆಂಡತಿ ಶೇಂಗಾ ಹೋಳಿಗೆ ಕೊಟ್ಟು ಬಂದಳು. ಎರಡು ತಿಂದು ಮೂರನೆಯದಕ್ಕೆ ಕೈ ಚಾಚುವಾಗ ಮಾತು ಮರಳಿ ಬಂತು. ಹೋಳಿಗೆಯೂ ವಿದೇಶಿಯೇ ಎಂದು ಅವನಿಗೆ ನಾವು ಹೇಳಲಿಲ್ಲ.

ಮಕ್ಕಳಾದ ಮೇಲೆ ಮಿನಿವ್ಯಾನ್. ಅದೇ ಹೊತ್ತಿಗೆ ಅವ್ವ ಬಂದಿದ್ದಳು. ಪ್ರಶ್ನೆ ಬಂತು, ಏಳು ಅಂದೆ. ಅವ್ವ ಬೆರಳು ಮಡಚಿ ಎಣಿಸಿದಳು. "ನೀವು ನಾಕು ಮಂದಿ. ದಿನಾ ಮೂರು ಸೀಟು ಖಾಲಿ ತಿರಗಸ್ತೀಯೇನೋ ತಮ್ಮಾ?" ತುಂಬಿದ ಅನ್ನ ಚೆಲ್ಲಿದ್ದು ಕಂಡ ಮುಖ ಅವಳದು. ಟ್ರಾಯ್ ಊರಿನ ಭಾರತೀಯ ದೇವಾಲಯದಲ್ಲಿ ವಾಹನಪೂಜೆ ಮಾಡಿಸಿದೆವು. ಮಿಶಿಗನ್ನಿನ ಕಾರುಗಳಿಗೆ ಮುಂದೆ ನಂಬರ್ ಪ್ಲೇಟ್ ಇರುವುದಿಲ್ಲ. ಆ ಜಾಗ ವಿಭೂತಿಗೆಂದೇ ಸರಕಾರ ಬಿಟ್ಟಿದೆ ಎಂದು ಅವ್ವ ತಿಳಿದಳು. ಪೂಜೆ ಮುಗಿದು ನಾನು ತಿರುಗಿ ನೋಡಿದರೆ ಖಾಲಿ ಸೀಟೆಲ್ಲ ಭರ್ತಿ. ಗುರುತಿಲ್ಲದ ಒಂದು ತೆಲುಗು ಕುಟುಂಬ, ಬೆಲ್ಟ್ ಕಟ್ಟಿಕೊಂಡು, ಪ್ರಸಾದದ ದೊನ್ನೆ ಹಿಡಿದು ಕೂತಿತ್ತು. "ಬರ್ರಿ, ಜಾಗ ಅದ" ಅನ್ನುವುದು ಅವರಿಗೂ ತಿಳಿದಿತ್ತು. ನಮ್ಮಲ್ಲೇ ಉಂಡರು. ಅವರ ಸ್ವಂತ ಕಾರು ದೇವಸ್ಥಾನದಲ್ಲೇ ನಿಂತಿದೆ ಎಂದು ಊಟದ ಮೇಲೆ ಸಂಕೋಚಪಡುತ್ತ ಹೇಳಿದರು.

ಈಗ ಮಗಳ ಹತ್ತಿರ ವಿದ್ಯುತ್ ಕಾರಿದೆ. ವಿಡಿಯೋ ಕಾಲಿನಲ್ಲಿ ಆಯಿಗೆ ತೋರಿಸಿದಳು. "ಐದು ಮಂದಿ ಕೂಡಬಹುದು ಆಯಿ, ಆದ್ರೆ ನಾನೊಬ್ಬಳೇ ಓಡಾಡೋದು." ಅವ್ವ ನನ್ನ ಕಡೆ ತಿರುಗಿದಳು: "ಹುಡುಗಿ ಮದಿವಿ ಲಗೂ ನೋಡು."

2014ರ ಮೇ ತಿಂಗಳಲ್ಲಿ ಅಂಬಾಸಡರ್ ತಯಾರಿಕೆ ನಿಂತಿತು. ಅದೇ ವರ್ಷ ನವೆಂಬರ್ 1ಕ್ಕೆ ಗುಲ್ಬರ್ಗಾ ಕಲಬುರಗಿಯಾಯಿತು. 2019ರಿಂದ ಊರಿಗೆ ವಿಮಾನ ನಿಲ್ದಾಣವೂ ಇದೆ. ಊರಿಗೆ ಬಂದಿಳಿದರೆ ತಮ್ಮನ ಮಗನ ಏಳು ಸೀಟಿನ ಕೆಎ-32 ಗಾಡಿ ಬಂದು ನಿಲ್ಲುತ್ತದೆ, ಏಸಿ ಇದೆ, ರೇಡಿಯೇಟರ್ ಕುದಿಯುವುದಿಲ್ಲ. ಒಳಗೆ ಆಗಲೇ ಒಂಬತ್ತು ಮಂದಿ.

ಬರುವ ಆದಿತ್ಯವಾರ ಕಮಲಾಪುರಕ್ಕೆ ಹೊರಟಿದ್ದೇವೆ. ಹೋಗುವಾಗ ನನಗೆ ಹೇಗೋ ಜಾಗವಾದೀತು. ಬರುವಾಗ ಆ ಜಾಗದಲ್ಲಿ ಗೊನೆ ಕೂಡುತ್ತದೆ. ಸಂಜೆ ಆ ಕಡೆಯಿಂದ ಕಲಬುರಗಿಗೆ ಖಾಲಿ ಗಾಡಿಯಲ್ಲಿ ಬರುವವರಿದ್ದರೆ, ಕಮಲಾಪುರ ಬಸ್ ಸ್ಟ್ಯಾಂಡಿನ ಮುಂದೆ ಒಂದು ಘಳಿಗೆ ನಿಲ್ಲಿಸಿರಿ. ನಾನೊಬ್ಬನೇ ಇರುತ್ತೇನೆ, ಸಾಮಾನಿಲ್ಲ.