ಬಣ್ಣ ಕೇಳಬೇಡಿ ಸ್ವಾಮಿ, ಅಳತೆ ಕೇಳಿ

ನಮ್ಮ ಅಕ್ಕನ ಮಗನ ಗೋ-ಕಾರ್ಟಿನ ಕಥೆ ಮಡಕಶಿರಾದಲ್ಲಿ ಯಾರಿಗೂ ಹೊಸದಲ್ಲ. ದೀಪಾವಳಿಗೆ ಓಡುತ್ತೇನೆಂದದ್ದು ಸಂಕ್ರಾಂತಿಗೂ ಓಡಲಿಲ್ಲ. ಯುಗಾದಿಯ ಹೊತ್ತಿಗೆ ಅದರ ಸೀಟಿನಲ್ಲಿ ಕೋಳಿ ಕಾವಿಗೆ ಕೂತಿತ್ತು. ಕ್ರ್ಯಾಂಕ್ ಶಾಫ್ಟ್ ಸಿಗುತ್ತಿಲ್ಲ. ಸಿಗುತ್ತಿಲ್ಲ ಅಂದರೆ ತಪ್ಪಾಗುತ್ತದೆ, ಸಿಕ್ಕಿದ್ದು ಕೂರುತ್ತಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತಂದದ್ದು ಒಂದು. ರಾಯದುರ್ಗದಲ್ಲಿ ಜೀನ್ಸ್ ಹೊಲಿಸುವ ನಮ್ಮ ಭಾವ ಬಳ್ಳಾರಿಯಲ್ಲಿ ಹಿಡಿದು, ಬಸ್ಸಿನ ಡ್ರೈವರ್ ಕೈಲಿ ಕಳಿಸಿದ್ದು ಇನ್ನೊಂದು. ಎರಡನ್ನೂ ಹಾಕಿದ್ದಾಯಿತು, ಎರಡನ್ನೂ ಬಿಚ್ಚಿದ್ದಾಯಿತು.

ಕಳೆದ ಭಾನುವಾರ ಬೇರೆ ದಾರಿ ಕಾಣದೆ, ಜಗಲಿಯಲ್ಲಿ ಹಳೇ ಪೇಪರಿನ ಮೇಲೆ ಮಲಗಿದ್ದ ಮೂಲ ಕ್ರ್ಯಾಂಕನ್ನೇ ಮಾತಾಡಿಸಿದೆ. ಅದರ ಪಿನ್ನಿಗೆ ಕರಗಿದ ಅಲ್ಯೂಮಿನಿಯಂ, ತಳ ಹಿಡಿದ ಪಾಯಸದ ಹಾಗೆ ಕಚ್ಚಿಕೊಂಡಿತ್ತು. ಮಾತಿಗೇನೂ ಕೊರತೆ ಇರಲಿಲ್ಲ.

ನಾನು: ನಮಸ್ಕಾರ. ತಮ್ಮ ಹೆಸರು, ಊರು?

ಕ್ರ್ಯಾಂಕ್: ಹೆಸರು ಕೇಳಿದ ಮೊದಲನೇ ಮನುಷ್ಯ ನೀವು ಸ್ವಾಮಿ. ಎಲ್ರೂ ಬಣ್ಣ ಕೇಳ್ತಾರೆ. ಅಂಗಡಿಗೆ ಹೋಗಿ ‘ಕೆಂಪು ಇಂಜಿನ್ದು ಒಂದು ಕ್ರ್ಯಾಂಕ್ ಕೊಡಿ’ ಅಂತಾರೆ. ಅವನೂ ಒಳಗೆ ಹೋಗಿ ಒಂದನ್ನ ತಂದೇ ಬಿಡ್ತಾನೆ! ಕೆಂಪಿನಲ್ಲಿ ಎಷ್ಟು ಬಗೆ ಅಂತ ಇವರು ಕೇಳಲ್ಲ, ಅವನು ಹೇಳಲ್ಲ. ಹೆಣ್ಣು ನೋಡೋಕೆ ಹೋದವರು ಸೀರೆ ಬಣ್ಣ ಮಾತ್ರ ನೆನಪಿಟ್ಕೊಂಡು ಬಂದಂಗೆ.

ನಾನು: ಮೂಲ ಎಲ್ಲಿಯದು?

ಕ್ರ್ಯಾಂಕ್: ಹೋಂಡಾದವರ ಜಿಎಕ್ಸ್160, ಜಿಎಕ್ಸ್200 ಇವೆಯಲ್ಲ, ಅವನ್ನ ನೋಡ್ಕೊಂಡು ಚೀನಾದಲ್ಲಿ 168ಎಫ್ ಅಂತ ಶುರುಮಾಡಿದ್ರು. ಆ ವಂಶ ನಮ್ದು. ಮುಂದಿನ 1 ಅಂದ್ರೆ ಒಂದೇ ಸಿಲಿಂಡರು. 68 ಅಂದ್ರೆ ಸಿಲಿಂಡರಿನ ಬಾಯಿ, 68 ಮಿಲಿಮೀಟರ್. ಎಫ್ ಅಂದ್ರೆ ನೀರಿಲ್ಲದೆ ಗಾಳಿಗೇ ತಣಿಯೋ ಜಾತಿ. ಹಡಗು ಇಳಿದ ಮೇಲೆ ಇಲ್ಲಿ ಯಾವನೋ ಸ್ಟಿಕ್ಕರ್ ಅಂಟಿಸಿ ಬೇರೆ ಹೆಸರಿಟ್ಟ.

ನಾನು: ನಮ್ಮದೂ ಅದೇ ಪಾಡು. ರಾಯದುರ್ಗ 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿತ್ತು, ಆಂಧ್ರ ರಾಜ್ಯ ಆದಾಗ ಅನಂತಪುರಕ್ಕೆ ಹೋಯಿತು. ಮಡಕಶಿರಾ 2022ರ ಏಪ್ರಿಲ್‌ನಿಂದ ಶ್ರೀ ಸತ್ಯಸಾಯಿ ಜಿಲ್ಲೆ. ಮನೆಯಲ್ಲಿ ಮಾತ್ರ ಅದೇ ಕನ್ನಡ, ಅದೇ ಮುದ್ದೆ...

ಕ್ರ್ಯಾಂಕ್: ಬೋರ್ಡು ಬದಲಾದ್ರೆ ಊರಿನ ಸುತ್ತಳತೆ ಬದಲಾಗಲ್ಲ ಸ್ವಾಮಿ. ನನ್ನ ವಿಷಯಕ್ಕೆ ಬನ್ನಿ. ಅಳತೆ! ಈ ಮನೇಲಿ ಒಬ್ರಾದ್ರೂ ನನ್ನನ್ನ ಅಳೆದಿದ್ದೀರಾ?

ನಾನು: ಟ್ಯಾಂಕಿನ ಮೇಲೆ 5.5 ಎಚ್.ಪಿ. ಅಂತ ಬರೆದಿತ್ತಲ್ಲ.

ಕ್ರ್ಯಾಂಕ್: ಎಚ್.ಪಿ. ನೋಡಿ ಕ್ರ್ಯಾಂಕ್ ತರೋದು ಅಂದ್ರೆ ಸಂಬಳ ನೋಡಿ ಚಪ್ಪಲಿ ತಂದಂಗೆ. ಕೇಳಿ. ನಮ್ಮ ವಂಶದಲ್ಲಿ ಇಬ್ಬರು ಅಣ್ಣತಮ್ಮಂದಿರು. ಇಬ್ಬರದೂ 68ರ ಬಾಯಿ. ತಮ್ಮನ ಪಿಸ್ಟನ್ ಮೇಲೆ ಕೆಳಗೆ 45 ಮಿಲಿಮೀಟರ್ ಓಡುತ್ತೆ, ಅವನು 163 ಸಿಸಿ. ಅಣ್ಣನದು 54 ಓಡುತ್ತೆ, ಅವನು 196. ಹೊರಗಿಂದ ನೋಡಿದ್ರೆ ಹೆತ್ತ ತಾಯಿಗೂ ಗುರುತು ಸಿಗಲ್ಲ. ಎರಡಕ್ಕೂ ಅದೇ 6205 ಬೇರಿಂಗು. ಹಂಗಾಗಿ ಅಣ್ಣನ ಮನೆಗೆ ತಮ್ಮನ ಕ್ರ್ಯಾಂಕ್ ಹಾಕಿದ್ರೂ ಸದ್ದಿಲ್ದೆ ಕೂರುತ್ತೆ. ಕೂತ್ಕೊಂಡು ಏನ್ ಮಾಡುತ್ತೆ? ಪಿಸ್ಟನ್ನನ್ನ ನೆತ್ತಿಗೆ ಮುಟ್ಸೋದೇ ಇಲ್ಲ. ನಾಲ್ಕೂವರೆ ಮಿಲಿಮೀಟರ್ ಕೆಳಗೇ ನಿಲ್ಲಿಸಿ ವಾಪಸ್ ಕರ್ಕೊಂಡು ಬರುತ್ತೆ. ಇನ್ನೆಲ್ಲಿಯ ಕಂಪ್ರೆಶನ್ನು?

(ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಜೆ.ಸಿ. ರಸ್ತೆಯ ಕ್ರ್ಯಾಂಕ್ ಹಾಕಿದ ದಿನ ಸ್ಟಾರ್ಟಿಂಗ್ ಹಗ್ಗ ಬೆಣ್ಣೆಯಲ್ಲಿ ದಾರ ಎಳೆದಷ್ಟು ಸಲೀಸಾಗಿ ಬಂದಿತ್ತು. ‘ಏನು ನಯ ನೋಡು’ ಎಂದು ಹೊಗಳಿದವನು ನಾನೇ. ಕಾರ್ಟ್ ಗೇಟಿನ ಇಳಿಜಾರು ಇಳಿಯಿತು, ಏರಲಿಲ್ಲ. ರಿಂಗ್ ಬದಲಾಯಿಸಿದೆವು. ವಾಲ್ವ್ ಉಜ್ಜಿಸಿದೆವು.)

ನಾನು: ತಿರುಗಾಟ ಅಂದಿರಿ. ಉಗಿಬಂಡಿಯ ಚಕ್ರಕ್ಕೂ ಕ್ರ್ಯಾಂಕೇ ಅಲ್ಲವೇ? ಅಂದಮೇಲೆ ರೈಲಿನಲ್ಲೂ ನಿಮ್ಮ ನೆಂಟರಿದ್ದಾರೆ.

ಕ್ರ್ಯಾಂಕ್: ನಾನು ತಿರುಗಾಟ ಅನ್ನಲೇ ಇಲ್ಲ.

ನಾನು: ಇರಲಿ. ರಾಯದುರ್ಗ–ತುಮಕೂರು ರೈಲು ಮಾರ್ಗ 2007-08ರ ಬಜೆಟ್ಟಿನಲ್ಲಿ ಮಂಜೂರಾಯಿತು. ಆ ಕಡೆಯಿಂದ ಕಲ್ಯಾಣದುರ್ಗ ದಾಟಿ ಕದಿರಿದೇವರಪಲ್ಲಿಯವರೆಗೆ ರೈಲು ಬಂತು. ಮುಂದೆ ಪಾವಗಡ, ಮಡಕಶಿರಾ, ಮಧುಗಿರಿ. ಮಂಜೂರಾದ ವರ್ಷ ಹುಟ್ಟಿದ ಮಕ್ಕಳು ಈಗ ಕಾಲೇಜಿನಲ್ಲಿ ಗೋ-ಕಾರ್ಟ್ ಕಟ್ಟುತ್ತಿದ್ದಾರೆ. ಈ ಬಗ್ಗೆ ತಮ್ಮ ಅಭಿಪ್ರಾಯ?

ಕ್ರ್ಯಾಂಕ್: ರೈಲು ಬಂದಿದ್ರೆ ತಪ್ಪು ಕ್ರ್ಯಾಂಕ್ ಬೇಗ ಬರ್ತಿತ್ತು.

ನಾನು: ಅಂದರೆ ಮಾರ್ಗ ಬೇಕು ಅನ್ನುತ್ತೀರಿ.

ಕ್ರ್ಯಾಂಕ್: ಅಳತೆ ಬೇಕು ಅಂತಿದ್ದೀನಿ! ಆ ನಿಮ್ಮ ಭಾವನ್ನೇ ನೋಡಿ. ಹೊಲಿಗೆ ಟೇಪಿನಲ್ಲಿ ನನ್ನಂಥವನ ತುದಿ ಅಳೆದು ‘ಮುಕ್ಕಾಲು ಇಂಚು, ಸರಿ ಇದೆ’ ಅಂದ್ರಂತೆ. ಜೀನ್ಸಿನ ಕಾಲಿಗೆ ಸರಿ ಸ್ವಾಮಿ, ಒಗೆದ್ರೆ ಕುಗ್ಗುತ್ತೆ, ತೊಟ್ರೆ ಸಡಿಲ ಆಗುತ್ತೆ. ನನ್ನ ತುದಿ 20 ಮಿಲಿಮೀಟರ್. ಮುಕ್ಕಾಲು ಇಂಚು ಅಂದ್ರೆ 19.05. ನಡುವೆ ಒಂದು ಮಿಲಿಮೀಟರೂ ಇಲ್ಲ, ಆದ್ರೆ ಅಲ್ಲೇ ಇರೋದು ಕಥೆ. ಕ್ಲಚ್ಚಿನ ರಂಧ್ರ ನನಗೆ ಅಂತ ಕೊರೆದದ್ದು. ಅವನು ಬಂದು ಅದರಲ್ಲಿ ಗಡಗಡ ಅಂತ ಆಟ ಆಡ್ದ. ನಿಮ್ಮ ಹುಡುಗ ಏನ್ ಮಾಡ್ದ?

ನಾನು: ಕೂಲ್‌ಡ್ರಿಂಕ್ ಡಬ್ಬಿ ಕತ್ತರಿಸಿ ಅದರ ತಗಡು ಸುತ್ತಿದ.

ಕ್ರ್ಯಾಂಕ್: ಎಷ್ಟು ಸುತ್ತು?

ನಾನು: ನಾಲ್ಕು.

ಕ್ರ್ಯಾಂಕ್: ತಗಡು ಎಲ್ಲಿ ಸಿಕ್ತು ಆಮೇಲೆ?

ನಾನು: ಪಕ್ಕದ ಮನೆಯ ತುಳಸಿಕಟ್ಟೆಯಲ್ಲಿ.

ಕ್ರ್ಯಾಂಕ್: ಯಾರ ಕಣ್ಣಿಗೂ ಬೀಳಲಿಲ್ಲವಲ್ಲ, ಅದು ಆ ತುಳಸಮ್ಮನ ಪುಣ್ಯ. ಪಂಪಿನ ಕ್ರ್ಯಾಂಕಿಗೆ ತುದಿಯಲ್ಲಿ ಮರೆ ಇರುತ್ತೆ, ಜನರೇಟರಿನದಕ್ಕೆ ತುದಿ ಸಣ್ಣಗಾಗ್ತಾ ಹೋಗುತ್ತೆ, ವೀಡರಿನದು ನೇರ, ಕೀ ಕೂರೋಕೆ ಉದ್ದಕ್ಕೆ ಸೀಳು. ಇಷ್ಟೂ ಒಂದೇ ಡಬ್ಬಿಯಲ್ಲಿ ‘168ಎಫ್ ಕ್ರ್ಯಾಂಕ್’ ಅಂತ ಬರ್ತವೆ.

ನಾನು: ಬಿಡಿ, ಒಂದು ಕಡೆಯದನ್ನು ಇನ್ನೊಂದು ಕಡೆ ಹೊಂದಿಸುವುದು ನಮ್ಮ ಸೀಮೆಗೆ ಹೊಸದಲ್ಲ. ಇಲ್ಲೇ ಹೇಮಾವತಿ, ನೊಳಂಬರ ಹೆಂಜೇರು. ಅಲ್ಲಿಯ ಕಂಬಗಳನ್ನು ಚೋಳರು ಹೊತ್ತೊಯ್ದರಂತೆ, ತಿರುವೈಯಾರಿನ ಗುಡಿಯಲ್ಲಿ ಇವತ್ತಿಗೂ ನಿಂತಿವೆ. ಅವು ಹೊಂದಲಿಲ್ಲವೇ? ಅದೂ ರೈಲಿಲ್ಲದ ಕಾಲದಲ್ಲಿ.

ಕ್ರ್ಯಾಂಕ್: ಕಂಬ ನಿಂತಿರುತ್ತೆ. ಸಂದು ಬಿದ್ರೆ ಒಂದು ಚಕ್ಕೆ ಕಲ್ಲು ತುರುಕ್ತಾರೆ. ನಾನು ನಿಮಿಷಕ್ಕೆ 3600 ಸುತ್ತು ತಿರುಗ್ತೀನಿ. ಎಲ್ಲಿ ತುರುಕ್ತೀರಿ ಕಲ್ಲು?

ನಾನು: ಸರಿ, ಮೂಲ ಪ್ರಶ್ನೆ. ತಮ್ಮ ಈ ಗತಿಗೆ ಕಾರಣ ಎಣ್ಣೆ ಖಾಲಿಯಾದದ್ದಂತೆ. ನಿಮ್ಮಲ್ಲಿ ಎಣ್ಣೆ ಪಂಪೇ ಇಲ್ಲ, ಕನೆಕ್ಟಿಂಗ್ ರಾಡಿನ ತುದಿಯ ಚಮಚ ಎಣ್ಣೆಯನ್ನು ಎರಚಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಅರ್ಧ ಲೀಟರಿಗೆ ಸ್ವಲ್ಪ ಮೇಲೆ ಹಿಡಿಯುವ ಹೊಟ್ಟೆ. ಅದನ್ನಾದರೂ ತುಂಬಿಸಿಕೊಳ್ಳಬಾರದಿತ್ತೇ?

ಕ್ರ್ಯಾಂಕ್: ಅದು ಬಿಡಿ.

ನಾನು: ರಾಡಿಗೆ ಬೇರಿಂಗ್ ಪಟ್ಟಿಯೂ ಇಲ್ಲ, ಬರೀ ಅಲ್ಯೂಮಿನಿಯಂ ನಿಮ್ಮ ಪಿನ್ನಿನ ಮೇಲೆ ಉಜ್ಜುತ್ತದೆ. ಎಣ್ಣೆ ಇಲ್ಲದಿದ್ದರೆ...

ಕ್ರ್ಯಾಂಕ್: ಬಿಡಿ ಅಂದ್ನಲ್ಲ. ಬಣ್ಣದ ವಿಷಯ ಇನ್ನೂ ಮುಗಿದಿಲ್ಲ. ನೀಲಿ ಇಂಜಿನ್ ಅಂತ ಒಂದು ಬರುತ್ತೆ...

ನಾನು: ಈ ಮೊದಲು ಎಲ್ಲಿದ್ದಿರಿ? ಹುಡುಗ ನಿಮ್ಮನ್ನು ಗುಜರಿಯಿಂದ ತಂದನಲ್ಲ.

ಕ್ರ್ಯಾಂಕ್ ಸ್ವಲ್ಪ ಹೊತ್ತು ಸುಮ್ಮನಾಯಿತು. ಆಮೇಲೆ ಬಂದ ದನಿಯೇ ಬೇರೆ.

ಕ್ರ್ಯಾಂಕ್: ಗುಡಿಬಂಡೆ ಕಡೆ ಒಂದು ಕಡಲೆಕಾಯಿ ಹೊಲದಲ್ಲಿದ್ದೆ. ಪವರ್ ವೀಡರಿನಲ್ಲಿ. ಮನೆಯಾಕೆ ಸಂಘದಲ್ಲಿ ಸಾಲ ಎತ್ತಿ ಕೊಂಡಿದ್ದು. ಆ ವರ್ಷ ಮಳೆ ಕೈಕೊಟ್ಟು ಕೈಕೊಟ್ಟು ಬಂತು, ಬಿತ್ತನೆ ತಡ. ಕಡಲೆಕಾಯಿಗೆ ಕಳೆ ತೆಗೆಯೋಕೆ ಒಂದು ಲೆಕ್ಕ ಇದೆ ಸ್ವಾಮಿ. ಹೂವಿನಿಂದ ಇಳಿದ ಕಡ್ಡಿ ಮಣ್ಣು ಹೊಕ್ಕಿತು ಅಂದ್ರೆ ಆಮೇಲೆ ಹೊಲ ಕೆದಕೋ ಹಂಗಿಲ್ಲ, ಕಾಯಿ ಕಟ್ಟೋದೇ ಅಲ್ಲಿ. ಅದರೊಳಗೆ ಮುಗೀಬೇಕು. ಇನ್ನು ಎರಡು ಎಕರೆ ಇದ್ದಾಗ ರಾಡ್ ನನ್ನನ್ನ ಕಚ್ಕೊಂಡು ನಿಂತ್ಹೋಯ್ತು. ಗಂಡ ನನ್ನನ್ನ ಗೋಣಿಚೀಲದಲ್ಲಿ ಕಟ್ಕೊಂಡು ಮಾರಿದವನ ಹತ್ರ ಹೋದ. ‘ಕ್ರ್ಯಾಂಕ್ ಒಂದೇ ಬರಲ್ಲ, ಪೂರ್ತಿ ಇಂಜಿನ್ ತಗೋ’ ಅಂದ. ಮೂರು ಊರು ತಿರುಗಿದ. ಒಬ್ಬ ಫೋಟೋ ಕಳ್ಸು ಅಂದ, ಇನ್ನೊಬ್ಬ ನಂಬರ್ ಹೇಳು ಅಂದ, ಇಂಜಿನ್ ಮೇಲೆ ನಂಬರೇ ಇರಲಿಲ್ಲ, ಯಾರೋ ಉಜ್ಜಿ ಸ್ಟಿಕ್ಕರ್ ಅಂಟಿಸಿದ್ರು. ಹನ್ನೊಂದು ದಿನ. ಹನ್ನೊಂದು ದಿನಕ್ಕೆ ಕಳೆ ಗಿಡಕ್ಕಿಂತ ಮೇಲೆ ಬಂತು. ಆ ತಾಯಿ ಬೆಳಗ್ಗೆ ಐದಕ್ಕೆ ಕುಡುಗೋಲು ಹಿಡ್ಕೊಂಡು ಒಬ್ಬಳೇ ಹೋಗೋಳು.

ನಾನು: ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ದುರಸ್ತಿಯ ಹಕ್ಕಿಗೆ ಅಂತ ಪೋರ್ಟಲ್ ತೆರೆದಿದೆ. ಕೃಷಿ ಯಂತ್ರಗಳೂ ಅದರಲ್ಲಿ ಸೇರಿವೆ.

ಕ್ರ್ಯಾಂಕ್: ಅದರಲ್ಲಿ ನನ್ನ ಅಳತೆ ಸಿಗುತ್ತಾ? ನನ್ನನ್ನ ಮಾರಿದವನ ಹೆಸರು ಸಿಗುತ್ತಾ? ಮಾರೋವಾಗ ರಿಬ್ಬನ್ ಕಟ್ಟಿ, ಕುಂಕುಮ ಹಚ್ಚಿ, ಫೋಟೋ ತೆಗೆಸ್ಕೊಂಡವನು ಒಂದು ಕ್ರ್ಯಾಂಕ್, ಒಂದು ರಾಡು ಬೀರುವಿನಲ್ಲಿ ಇಟ್ಕೊಳ್ಳೋಕೆ ಆಗಲ್ವಾ? ಇಟ್ಕೊಳ್ಳಲ್ಲ. ಕೆಟ್ಟರೆ ಇನ್ನೊಂದು ಮಾರಬಹುದಲ್ಲ. ಹದಿನೈದು ಕೆಜಿ ಇಂಜಿನ್ನು, ಕೆಟ್ಟಿದ್ದು ಕೈಯಲ್ಲಿ ಹಿಡಿಯೋ ಒಂದು ತುಂಡು. ಕೊನೆಗೆ ಗುಜರಿಯವರು ಕೆಜಿ ಲೆಕ್ಕದಲ್ಲಿ ತೂಗಿ ತಗೊಂಡ್ರು. ಸಾಲದ ಕಂತು ಇನ್ನೂ ಇತ್ತು. ತಕ್ಕಡಿ ಮೇಲಿಂದ ನಾನು ನೋಡ್ತಾನೇ ಇದ್ದೆ, ಆಕೆ ಚೀಲ ಕೊಡವಿ, ಮಡಿಚಿ, ಕಂಕುಳಿಗೆ ಇಟ್ಕೊಂಡು ಹೋದಳು. ಚೀಲ ಮಾತ್ರ ವಾಪಸ್ ಹೋಯ್ತು.

ನನ್ನ ಹತ್ತಿರ ಮುಂದಿನ ಪ್ರಶ್ನೆ ರೈಲಿನದಿತ್ತು. ಕೇಳಲಿಲ್ಲ.

‘ಅಳೀರಿ,’ ಎಂದಿತು ಕ್ರ್ಯಾಂಕ್. ‘ಈಗಲಾದ್ರೂ.’

ಹುಡುಗನನ್ನು ಕೂಗಿದೆ. ಅವನು ಅಡುಗೆಮನೆಯಿಂದ ಚಪಾತಿ ಮಣೆ ತಂದು ಜಗಲಿಯಲ್ಲಿಟ್ಟ. ಅಕ್ಕ ಒಳಗಿಂದ ಏನೋ ಅಂದಳು, ನಾವು ಕೇಳಿಸಿಕೊಳ್ಳಲಿಲ್ಲ. ಎತ್ತರದ ಎರಡು ಮರದ ತುಂಡುಗಳಿಗೆ ಗರಗಸದಲ್ಲಿ ‘ವಿ’ ಆಕಾರದ ಕಚ್ಚು ಹಾಕಿ, ಬೇರಿಂಗ್ ಕೂರುವ ಎರಡು ಜಾಗಗಳನ್ನು ಅದರೊಳಗೆ ಕೂರಿಸಿದ. ಪಿನ್ನಿನ ಮೇಲೆ ಕಚ್ಚಿದ್ದ ಅಲ್ಯೂಮಿನಿಯಂ ಅನ್ನು ಉಜ್ಜುಕಾಗದದಿಂದ ಕೆರೆದ, ಬೆರಳಿನಿಂದ ಸವರಿ ನೋಡಿದ, ಮತ್ತೆ ಕೆರೆದ. ಪಿನ್ನನ್ನು ಮೇಲಕ್ಕೆ ತಿರುಗಿಸಿ ಅದರ ನೆತ್ತಿ ಮಣೆಯಿಂದ ಎಷ್ಟು ಎತ್ತರ ಎಂದು ಅಳೆದ. ಪೂರ್ತಿ ಕೆಳಕ್ಕೆ ತಿರುಗಿಸಿ, ಆಗ ಪಿನ್ನಿನ ಮೇಲ್ಬದಿಗೆ ಬಂದ ನೆತ್ತಿಯನ್ನು ಇನ್ನೊಮ್ಮೆ ಅಳೆದ. ಎರಡರ ನಡುವಿನ ಅಂತರವೇ ಪಿಸ್ಟನ್ನಿನ ಓಟ. ಬಾಯಲ್ಲೇ ಕಳೆದು, ನನ್ನ ಮುಖ ನೋಡಿದ.

‘ಮಾವ, 54 ಬರ್ತಿದೆ.’

‘ಟ್ಯಾಂಕಿನ ಮೇಲೆ 5.5 ಅಂತಿತ್ತಲ್ಲೋ. ಅದು ತಮ್ಮನದಲ್ಲವೇ?’

‘ಟ್ಯಾಂಕು ಬೇರೆ ಇಂಜಿನ್ದು ಮಾವ. ಇದರದು ತೂತಾಗಿತ್ತು ಅಂತ ಗುಜರಿಯವನೇ ಇನ್ನೊಂದು ಹಾಕಿ ಕೊಟ್ಟಿದ್ದ. ಸ್ಟಿಕ್ಕರ್ ಅದರ ಮೇಲಿತ್ತು.’

ಕ್ರ್ಯಾಂಕ್ ಏನೂ ಅನ್ನಲಿಲ್ಲ. ಅನ್ನಬಹುದಿತ್ತು.

‘ಬರ್ಕೊಳ್ಳೋಕೆ ಕಾಗದ ಕೊಡಿ ಮಾವ.’

ಜೇಬಿನಲ್ಲಿ ಇದ್ದದ್ದು ಒಂದೇ, ರೈಲು ಮಾರ್ಗ ಬೇಗ ಮುಗಿಸಿರೆಂದು ನಾನು ಬೆಳಗ್ಗೆಯಷ್ಟೇ ಟೈಪ್ ಮಾಡಿಸಿ ತಂದ ಅರ್ಜಿ. ಹಿಂಬದಿ ಖಾಲಿಯಿತ್ತು. ಓಟ 54, ತುದಿ 20, ನೇರ, ಮರೆ ಇಲ್ಲ ಎಂದು ಅವನು ಬರೆದ. ತುದಿಯ ಉದ್ದ, ಸೀಳಿನ ಅಗಲ, ಪಕ್ಕದ ಗೇರಿನ ಹಲ್ಲುಗಳ ಲೆಕ್ಕವನ್ನೂ ಸೇರಿಸುತ್ತಿದ್ದಾಗ ಹಿಂದೂಪುರದ ಬಸ್ಸಿನ ಹಾರ್ನ್ ಕೇಳಿಸಿತು. ಕ್ರ್ಯಾಂಕನ್ನು ಟವಲಿನಲ್ಲಿ ಸುತ್ತಿ, ಅರ್ಜಿಯನ್ನು ನಾಲ್ಕಾಗಿ ಮಡಿಚಿ ಜೇಬಿಗೆ ತುರುಕಿ ಓಡಿದ.

ಅದಕ್ಕೆ ನಾನಿನ್ನೂ ಸಹಿ ಹಾಕಿರಲಿಲ್ಲ.