ಸ್ಪೀಕರ್ ಪ್ರಸಂಗ

ಕುಂದಾಪುರದ ಬದಿ, ಹಂಚಿನ ಮನೆಯ ಜಗಲಿ.

"ಹ್ವಾಯ್ ಮಾವ, ಹೊಸ ಸ್ಪೀಕರಿಗೆ ಎಷ್ಟ್ ಬಿತ್ತ್?"

"80 ಸಾವ್ರ." (ಅತ್ತೆಗೆ ಹೇಳಿದ ಬೆಲೆ ಬೇರೆ.) "40 ಕಿಲೋಹರ್ಟ್ಸ್ ತನ್ಕ ಸ್ವರ ಬತ್ತ್ ಮಾಣಿ!"

"ಮನ್ಷರ್ ಕೆಮಿಗೆ 20ರ ಮೇಲೆ ಕೇಂತಿಲ್ಲ. ನಿಮ್ ಪ್ರಾಯಕ್ಕೆ 12 ದಾಟುದೂ ಕಷ್ಟ."

"ಉಳ್ದದ್ದ್ ನಾಯಿ ಕೇಣ್ಲಿ."

"ಹಾಕುದ್ ಎಂತ?"

"ಯಕ್ಷಗಾನ ಭಾಗವತ ಕಾಳಿಂಗ ನಾವಡ್ರ ಹಳೇ ಕ್ಯಾಸೆಟ್. 1990ರಗೆ ಅವ್ರ್ ಹೋದ್ರೂ ಆ ಸ್ವರ ಹೋಯ್ಲಿಲ್ಲ."

"ಬಯಲಾಟದಗೆ ಟೇಪ್‌ರೆಕಾರ್ಡರ್ ಇಟ್ಕಂಡ್ ಹಿಡ್ದದ್ದ್. ಅದ್ರಗೆ ಇಲ್ದದ್ದನ್ನ ಸ್ಪೀಕರ್ ಎಲ್ಲಿಂದ ತತ್ತ್?"

"ಇತ್ತ್ ಮಾರಾಯ! ಕಡ್ಲೆ ಮಾರುವವ, ಜನರೇಟರ್, ಹಿಂದ್ ಕೂತವ್ನ ಗೊರಕೆ, ಎಲ್ಲ ಈಗ ಸ್ಪಷ್ಟ."

"ಭಾಗವತಿಕೆ?"

"ಅದ್ ಮುಂಚೆ ಕೇಂಡಾಂಗೇ ಇತ್ತ್."

"ಆಷಾಢದ್ ಮಳೆ ಹಂಚಿನ್ ಮೇಲೆ ಹೊಯ್ದ್ರೆ?"

"ಎಂತದೂ ಕೇಂತಿಲ್ಲ. ಅದ್ಕೇ ದೊಡ್ಡ ಆಂಪ್ಲಿಫೈಯರ್ ಹೇಳಿ ಬಂದಿದೆ. ಅತ್ತೆ ಹತ್ರ ಹೇಳ್ಬೇಡ."